ಪೈಪ್ ತಂಬಾಕು: ಯಾವ ಕಟ್ ಕೊಳ್ಳಬೇಕು, ಯಾಕೆ

ಕ್ಯಾಪ್‌ಸ್ಟನ್ ಅಂದರೆ ನಮ್ಮ ಕಡೆಯ ಹಳಬರಿಗೆ ನೆನಪಾಗುವುದು ಸಿಗರೇಟು. ಬ್ರಿಸ್ಟಲಿನ ವಿಲ್ಸ್ ಕಂಪನಿ ಹುಟ್ಟುಹಾಕಿದ ಆ ಹೆಸರಿನಲ್ಲಿ ಪೈಪ್ ತಂಬಾಕೂ ಇದೆ, ಅದೂ ಎರಡು ರೂಪದಲ್ಲಿ. ನೀಲಿ ಡಬ್ಬಿಯ ಒರಿಜಿನಲ್ ನೇವಿ ಕಟ್ ಕೊಳ್ಳುವಾಗ ಫ್ಲೇಕ್ ಬೇಕೋ ರೆಡಿ ರಬ್ಡ್ ಬೇಕೋ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಫ್ಲೇಕ್ ಡಬ್ಬಿಯಲ್ಲಿ ಒತ್ತಿ, ತೆಳ್ಳಗೆ ಸೀಳಿದ ಪಟ್ಟಿಗಳು ಒಂದರ ಮೇಲೊಂದು ಕೂತಿರುತ್ತವೆ. ರೆಡಿ ರಬ್ಡ್ ಡಬ್ಬಿಯಲ್ಲಿ ಅವೇ ಪಟ್ಟಿಗಳನ್ನು ಕಾರ್ಖಾನೆಯಲ್ಲೇ ತಿಕ್ಕಿ ಬಿಡಿಸಿರುತ್ತಾರೆ. ಎಲೆ ಅದೇ, ಹದ ಮಾಡುವ ವಿಧಾನ ಅದೇ. ಆದರೂ ಒಂದೇ ಪೈಪಿಗೆ ಒಂದೇ ತೂಕ ಹಾಕಿ ಬೇರೆ ಬೇರೆ ದಿನ ಸೇದಿ ನೋಡಿದರೆ ಎರಡೂ ಬೇರೆಯೇ ಅನ್ನಿಸುತ್ತವೆ. ಬಿಡಿಸಿದ್ದು ಬೇಗ ಹೊತ್ತಿಕೊಳ್ಳುತ್ತದೆ, ಹೊಗೆ ಧಾರಾಳ, ಬೇಗ ಮುಗಿಯುತ್ತದೆ, ಕೊನೆಯಲ್ಲಿ ನಾಲಿಗೆ ಸ್ವಲ್ಪ ಚುರುಗುಟ್ಟುತ್ತದೆ. ಪಟ್ಟಿಯನ್ನು ಹಾಗೇ ಮಡಚಿ ಹಾಕಿದ್ದು ಹೊತ್ತಿಕೊಳ್ಳಲು ಎರಡು ಮೂರು ಕಡ್ಡಿ ಕೇಳುತ್ತದೆ. ಒಮ್ಮೆ ಕೆಂಡ ಹಿಡಿದ ಮೇಲೆ ತಣ್ಣಗೆ, ನಿಧಾನವಾಗಿ ಉರಿದು ಸಿಹಿಯನ್ನು ಕೊನೆಯವರೆಗೂ ಕೊಡುತ್ತದೆ.

ಹೊಸದಾಗಿ ಪೈಪ್ ಹಿಡಿದವರು ತಂಬಾಕಿನ ಜಾತಿಯ ಬಗ್ಗೆ ಬಹಳ ಓದಿಕೊಳ್ಳುತ್ತಾರೆ, ಕಟ್ ಕಡೆ, ಅಂದರೆ ಎಲೆಯನ್ನು ಕತ್ತರಿಸಿ ಸಿದ್ಧಮಾಡಿದ ರೀತಿಯ ಕಡೆ, ಗಮನ ಕೊಡುವುದಿಲ್ಲ. ‘ಈ ತಂಬಾಕು ನನಗೆ ಆಗಿಬರಲಿಲ್ಲ’ ಎಂದು ಡಬ್ಬಿ ಪಕ್ಕಕ್ಕಿಡುವವರಲ್ಲಿ ಹೆಚ್ಚಿನವರಿಗೆ ಆಗಿಬರದೆ ಇರುವುದು ಕಟ್ ಮತ್ತು ಅದರ ತೇವ, ತಂಬಾಕಲ್ಲ. ಅದಕ್ಕಾಗಿ ಈ ಬರಹದಲ್ಲಿ ಮಾರುಕಟ್ಟೆಯ ಪ್ರಸಿದ್ಧ ಡಬ್ಬಿಗಳನ್ನು ಪರಿಮಳದಿಂದ ವಿಂಗಡಿಸದೆ ಕಟ್‌ನಿಂದ ವಿಂಗಡಿಸಿದೆ.

ಮೊದಲೇ ಹೇಳಬೇಕಾದ ಮಾತು: ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಸೇದದವರು ಇದನ್ನು ಓದಿ ಶುರು ಮಾಡುವುದು ಬೇಡ. ಕರ್ನಾಟಕದಲ್ಲಿ ತಂಬಾಕು ಕೊಳ್ಳುವ ವಯಸ್ಸನ್ನು ಈಗ 21ಕ್ಕೆ ಏರಿಸಿದ್ದಾರೆ. ಈಗಾಗಲೇ ಪೈಪ್ ಹಿಡಿದಿರುವ ವಯಸ್ಕರಿಗೆ ಮಾತ್ರ ಈ ವಿವರ.

ಕಟ್ ಯಾಕೆ ಇಷ್ಟು ವ್ಯತ್ಯಾಸ ಮಾಡುತ್ತದೆ? ಫಿಲ್ಟರ್ ಕಾಫಿ ಕುಡಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಬೀಜವನ್ನು ತೀರ ನುಣ್ಣಗೆ ಬೀಸಿದರೆ ಡಿಕಾಕ್ಷನ್ ಇಳಿಯದೆ ಕಹಿಯಾಗುತ್ತದೆ, ತರಿಯಾಗಿ ಬೀಸಿದರೆ ನೀರುನೀರಾಗಿ ಸೋರಿಹೋಗುತ್ತದೆ. ಪೈಪಿನಲ್ಲಿ ನೀರಿನ ಜಾಗದಲ್ಲಿ ಗಾಳಿ ಇದೆ. ಎಳೆ ಸಣ್ಣದಾದಷ್ಟೂ ಬೆಂಕಿಗೆ ಸಿಗುವ ಮೈ ಹೆಚ್ಚು, ಹಾಗಾಗಿ ಬೇಗ ಹೊತ್ತಿ ಬಿಸಿಯಾಗಿ ಉರಿಯುತ್ತದೆ. ಚೂರು ದಪ್ಪವಾದಷ್ಟೂ ಕೆಂಡ ಒಂದರಿಂದ ಇನ್ನೊಂದಕ್ಕೆ ದಾಟಲು ಹೊತ್ತು ಬೇಕು, ಹೊಗೆ ತಣ್ಣಗೆ ಬರುತ್ತದೆ, ಆದರೆ ಬೆಂಕಿ ಆರುವುದೂ ಜಾಸ್ತಿ. ಇದರ ಜೊತೆಗೆ ಒತ್ತುವ ಕೆಲಸವೂ ಸೇರುತ್ತದೆ. ಫ್ಲೇಕ್, ಪ್ಲಗ್, ಕೇಕ್ ಮೂರಕ್ಕೂ ಎಲೆಗಳನ್ನು ಪದರ ಪದರವಾಗಿ ಪೇರಿಸಿ, ಭಾರದಡಿ, ಬಹಳ ಸಲ ಶಾಖವನ್ನೂ ಕೊಟ್ಟು ಅಚ್ಚು ಒತ್ತುತ್ತಾರೆ. ಆಗ ಒಂದು ಎಲೆಯ ರಸ ಇನ್ನೊಂದಕ್ಕೆ ಇಳಿಯುತ್ತದೆ, ಬಣ್ಣ ಕಪ್ಪಾಗುತ್ತದೆ, ಹಸಿ ಖಾರ ಕಡಿಮೆಯಾಗುತ್ತದೆ. ಒತ್ತದೆ ಬರೀ ಕತ್ತರಿಸಿ ಬೆರೆಸಿದ ತಂಬಾಕಿನಲ್ಲಿ ಒಂದೊಂದು ಎಲೆಯ ರುಚಿ ಬಿಡಿಬಿಡಿಯಾಗಿ ಬಾಯಿಗೆ ಸಿಗುತ್ತದೆ.

ಫ್ಲೇಕಿನಿಂದಲೇ ಶುರು ಮಾಡೋಣ, ಯಾಕೆಂದರೆ ಇಡೀ ವಿಷಯದ ತಿರುಳು ಅಲ್ಲಿದೆ. ಹೋಲಿಕೆಗೆ ಮೂರು ಡಬ್ಬಿ ಸಾಕು. ಮೊದಲನೆಯದು ಡೆನ್ಮಾರ್ಕಿನ ಆರ್ಲಿಕ್ ಗೋಲ್ಡನ್ ಸ್ಲೈಸ್ಡ್. ಮುಚ್ಚಳ ತೆಗೆದರೆ ಹೊಂಬಣ್ಣ, ಕಂದುಬಣ್ಣ ಬೆರೆತ ತೆಳು ಪಟ್ಟಿಗಳು ಅಳತೆ ಹಿಡಿದು ಕತ್ತರಿಸಿದಂತೆ ಸಾಲಾಗಿ ಇರುತ್ತವೆ. ಎರಡನೆಯದು ಇಂಗ್ಲೆಂಡಿನ ಕೆಂಡಲ್ ಊರಿನ ಸ್ಯಾಮ್ಯುಯೆಲ್ ಗಾವಿತ್ ಅವರ ಫುಲ್ ವರ್ಜೀನಿಯಾ ಫ್ಲೇಕ್. ಆ ಕಂಪನಿಯ ಬೇರು ಆ ಊರಿನಲ್ಲಿ 1792ರಷ್ಟು ಹಳೆಯದು. ಇದರ ಪಟ್ಟಿಗಳು ಉದ್ದ, ದಪ್ಪ, ಕರಿಬೆಲ್ಲದ ಬಣ್ಣ. ಒಂದು ಪಟ್ಟಿಯಂತೆ ಇನ್ನೊಂದು ಇರುವುದಿಲ್ಲ. ಮುಟ್ಟಿದರೆ ಬೆರಳಿಗೆ ತೇವ ಹತ್ತುತ್ತದೆ. ಮೂರನೆಯದು ಪೀಟರ್ಸನ್ ಐರಿಷ್ ಫ್ಲೇಕ್: ವರ್ಜೀನಿಯಾ, ಬರ್ಲೀ ಜಾತಿಯ ಎಲೆಗಳ ಜೊತೆಗೆ ಕಟ್ಟಿಗೆಯ ಹೊಗೆಯಲ್ಲಿ ಹದ ಮಾಡಿದ ಕೆಂಟಕಿ ಎಲೆ. ಮೂರರಲ್ಲಿ ಇದು ಖಡಕ್. ಖಾಲಿ ಹೊಟ್ಟೆಯಲ್ಲಿ ಬೇಡ.

ಫ್ಲೇಕನ್ನು ಹಾಗೇ ಮಡಚಿ ತುಂಬುವ ವಿಧಾನ ಹೀಗೆ. 19–20 ಮಿಲಿಮೀಟರ್ ಅಗಲದ ಬೌಲ್‌ಗೆ, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿಗೆ, 2ರಿಂದ 2.5 ಗ್ರಾಂ ತೂಗಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ 1 ಗ್ರಾಂನ ಹೆಜ್ಜೆಯದಾದರೆ ಆಗುವುದಿಲ್ಲ, 0.1 ಗ್ರಾಂ ತೋರಿಸುವಂಥದ್ದು ಬೇಕು. ಒಂದು ವಾರ ತೂಗಿದರೆ ಆಮೇಲೆ ಕೈಗೇ ಗೊತ್ತಾಗುತ್ತದೆ. ಪಟ್ಟಿಯನ್ನು ಮೊದಲು ಉದ್ದಕ್ಕೆ ಮಡಚಿ, ನಂತರ ಅಡ್ಡಕ್ಕೆ ಅರ್ಧ ಮಾಡಿ. ಹೆಬ್ಬೆರಳು ತೋರುಬೆರಳ ನಡುವೆ ಬತ್ತಿ ಹೊಸೆದಂತೆ ಎರಡು ಮೂರು ಸಲ ಸಡಿಲವಾಗಿ ಹೊರಳಿಸಿ. ಎಳೆಗಳು ಬಿಚ್ಚಿಕೊಳ್ಳಬೇಕು, ಉದುರಬಾರದು. ಮಡಚಿದ ತುದಿ ಕೆಳಗೆ, ಬಿಡಿ ತುದಿ ಮೇಲೆ ಬರುವಂತೆ ಮೆಲ್ಲಗೆ ತಿರುಗಿಸುತ್ತ ಬೌಲ್‌ಗೆ ಇಳಿಸಿ. ತಳಕ್ಕೆ ಒತ್ತಬೇಡಿ. ಕೈಯಲ್ಲಿ ಉಳಿದ ಉದುರು ಪುಡಿಯನ್ನು ಮೇಲೆ ಉದುರಿಸಿ, ಒಲೆಗೆ ತರಗೆಲೆ ಇಟ್ಟ ಹಾಗೆ. ಈಗ ಬೆಂಕಿ ಇಲ್ಲದೆ ಒಮ್ಮೆ ಎಳೆದು ನೋಡಿ. ಎಳನೀರಿಗೆ ಹಾಕುವ ಸ್ಟ್ರಾದಲ್ಲಿ ಗಾಳಿ ಎಳೆದಷ್ಟು ಸಲೀಸಾಗಿರಬೇಕು. ಸ್ವಲ್ಪ ಬಿಗಿ ಅನ್ನಿಸಿದರೂ ಹೊರತೆಗೆದು ಮತ್ತೆ ತುಂಬುವುದೇ ಒಳ್ಳೆಯದು.

ಯಾಕೆಂದರೆ ಫ್ಲೇಕ್ ಬಿಸಿ ತಾಕಿದ ಕೂಡಲೇ ಉಬ್ಬುತ್ತದೆ. ಒತ್ತಿ ಮಾಡಿದ ವಸ್ತು, ಶಾಖಕ್ಕೆ ಬಿಚ್ಚಿಕೊಳ್ಳುವುದು ಅದರ ಗುಣ. ತುಂಬುವಾಗ ಸರಿಯಾಗಿದ್ದ ಎಳೆತ ಅರ್ಧ ಬೌಲ್ ಹೊತ್ತಿಗೆ ಕಟ್ಟಿಕೊಂಡು ಕೆನ್ನೆ ಒಳಗೆ ಹೋಗುವಷ್ಟು ಎಳೆಯಬೇಕಾಗಿ ಬರುವುದು ಇದೇ ಕಾರಣಕ್ಕೆ. ಮೊದಲ ಕಡ್ಡಿ ಗೀರಿ ಮೇಲ್ಭಾಗವನ್ನೆಲ್ಲ ಸುತ್ತಲೂ ಕರಿ ಮಾಡಿ ಬಿಡಿ. ಪಟ್ಟಿಗಳು ಸುರುಳಿಯಾಗಿ ಮೇಲೇಳುತ್ತವೆ. ಟ್ಯಾಂಪರ್‌ನಿಂದ (ತಂಬಾಕು ಒತ್ತುವ ಪುಟ್ಟ ಸಾಧನ) ಅದರ ಭಾರದಷ್ಟೇ ಒತ್ತಿ ಸಮ ಮಾಡಿ, ಎರಡನೇ ಸಲ ಹೊತ್ತಿಸಿ. ನಡುವೆ ಕಟ್ಟಿಕೊಂಡರೆ ಟ್ಯಾಂಪರ್‌ನ ಕಡ್ಡಿಯನ್ನು ಮಧ್ಯಕ್ಕೆ ಚುಚ್ಚದೆ ಗೋಡೆಯ ಪಕ್ಕದಲ್ಲಿ ಇಳಿಸಿ ಸ್ವಲ್ಪ ಅಲ್ಲಾಡಿಸಿ. ಮಧ್ಯಕ್ಕೆ ಚುಚ್ಚಿದರೆ ಸುರಂಗವಾಗಿ ಬೆಂಕಿ ನೇರ ತಳಕ್ಕೆ ಓಡುತ್ತದೆ, ಸುತ್ತಲಿನದು ಹಸಿಯಾಗಿ ಉಳಿಯುತ್ತದೆ.

ಮಡಚಿ ತುಂಬುವುದು ಕಷ್ಟ ಅನ್ನಿಸಿದವರು ಪಟ್ಟಿಯನ್ನು ಅಡ್ಡಕ್ಕೆ ಮೂರು ತುಂಡು ಮಾಡಿ ಅಂಗೈಯಲ್ಲಿಟ್ಟು ಇನ್ನೊಂದು ಅಂಗೈಯಿಂದ ವೃತ್ತಾಕಾರವಾಗಿ ತಿಕ್ಕಿದರೆ ಎಳೆ ಎಳೆಯಾಗುತ್ತದೆ. ಪೂರ್ತಿ ಬಿಡಿಸಬೇಕಿಲ್ಲ. ಅರ್ಧಂಬರ್ಧ ತಿಕ್ಕಿ, ಗಂಟುಗಂಟಾಗಿ ಉಳಿದದ್ದನ್ನು ತಳಕ್ಕೆ, ಬಿಡಿ ಎಳೆಯನ್ನು ಮೇಲಕ್ಕೆ ಹಾಕಿದರೆ ಸುಲಭವಾಗಿ ಹೊತ್ತಿಕೊಂಡು ಕೆಳಗೆ ನಿಧಾನವಾಗುತ್ತದೆ. ಹೆಚ್ಚಿನವರಿಗೆ ಕೊನೆಗೆ ಒಗ್ಗುವುದು ಇದೇ. ಮೂರನೇ ದಾರಿಯೂ ಇದೆ: ನಾಲ್ಕೈದು ಪಟ್ಟಿ ಜೋಡಿಸಿ ಹಿಡಿದು ಕತ್ತರಿಯಿಂದ ಉದ್ದಕ್ಕೂ ಅಡ್ಡಕ್ಕೂ 3–4 ಮಿಲಿಮೀಟರ್‌ಗೆ ಕತ್ತರಿಸಿ. ಕಡ್ಲೆಬೇಳೆಯಷ್ಟು ಚೂರುಗಳಾಗುತ್ತವೆ. ಬೌಲ್‌ಗೆ ಸುರಿದು ಪಕ್ಕಕ್ಕೆ ಎರಡು ಸಲ ತಟ್ಟಿದರೆ ತುಂಬುವ ಕೆಲಸ ಮುಗಿಯಿತು.

ಹೀಗೆ ಒಂದೇ ಡಬ್ಬಿಯಲ್ಲಿ ಮೂರು ಕಟ್ ಸಿಗುತ್ತದೆ. ಗೋಧಿ ಮನೆಯಲ್ಲಿದ್ದರೆ ರವೆಯನ್ನೂ ಮಾಡಬಹುದು, ಹಿಟ್ಟನ್ನೂ ಮಾಡಬಹುದು; ಹಿಟ್ಟು ತಂದವರಿಗೆ ಮತ್ತೆ ಗೋಧಿ ಸಿಗುವುದಿಲ್ಲ. ಒಂದೇ ಡಬ್ಬಿ ಕೊಳ್ಳುವುದಾದರೆ ಫ್ಲೇಕ್ ಕೊಳ್ಳಿ ಎಂದು ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮೂರು ಡಬ್ಬಿಗಳಲ್ಲಿ ಕಲಿಯುವವರಿಗೆ ಆರ್ಲಿಕ್: ಪಟ್ಟಿ ತೆಳು, ತೇವ ಹದವಾಗಿರುತ್ತದೆ, ತಿಕ್ಕಿದರೆ ಸುಲಭವಾಗಿ ಬಿಡುತ್ತದೆ. ಗಾವಿತ್‌ನದು ರುಚಿಯಲ್ಲಿ ಎಲ್ಲಕ್ಕಿಂತ ಮೇಲೆ, ಬೇಯಿಸಿದ ಗೆಣಸಿನ ಸಿಪ್ಪೆಯ ಬಳಿ ಸಿಗುವ ಸಿಹಿಯಂಥದ್ದು, ಆದರೆ ಒಣಗಿಸುವ ತಾಳ್ಮೆ ಇಲ್ಲದವರಿಗೆ ಅದು ಒಲಿಯುವುದಿಲ್ಲ.

ಒಣಗಿಸುವುದು ಅಂದೆ. ಹುಣಸೂರು, ಪಿರಿಯಾಪಟ್ಟಣ ಕಡೆಯ ರೈತರು ಬ್ಯಾರನ್‌ನಿಂದ (ಎಲೆ ಹದ ಮಾಡುವ ಮನೆ) ತೆಗೆದ ಎಲೆಯನ್ನು ಕೈಯಲ್ಲಿ ಹಿಸುಕಿ ಹದ ನೋಡುತ್ತಾರಲ್ಲ, ಪೈಪಿಗೂ ಅದೇ ಪರೀಕ್ಷೆ. ಅಂದ ಹಾಗೆ ಈ ಡಬ್ಬಿಗಳ ಮೇಲೆ ವರ್ಜೀನಿಯಾ ಎಂದು ಬರೆದಿರುವುದು ಆ ತಾಲ್ಲೂಕುಗಳಲ್ಲಿ ಬೆಳೆಯುವ ಜಾತಿಯದೇ ಎಲೆ: ಮುಚ್ಚಿದ ಬ್ಯಾರನ್‌ನಲ್ಲಿ ಹೊಗೆ ತಾಕದಂತೆ ಬಿಸಿಗಾಳಿಯಲ್ಲಿ ಹದ ಮಾಡಿದ್ದು, ಹಾಗಾಗಿಯೇ ಅದರಲ್ಲಿ ಸಕ್ಕರೆ ಅಂಶ ಉಳಿದುಕೊಂಡಿರುತ್ತದೆ. ಒಂದು ಚಿಟಿಕೆ ಹಿಡಿದು ಗಟ್ಟಿಯಾಗಿ ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಹಸಿ. ಮುರಿದು ಪುಡಿಯಾದರೆ ಒಣಗಿದ್ದು ಹೆಚ್ಚಾಯಿತು. ನಿಧಾನವಾಗಿ ಬಿಚ್ಚಿಕೊಂಡು ತನ್ನ ಜಾಗಕ್ಕೆ ಮರಳಿದರೆ ಸರಿ. ಹಸಿಯಾಗಿ ಸೇದಿದರೆ ಆಗುವುದು ಹೀಗೆ: ತೇವ ಹಬೆಯಾಗಿ ಬಾಯಿಗೆ ಬರುತ್ತದೆ, ಹಬೆ ನಾಲಿಗೆಯನ್ನು ಸುಡುತ್ತದೆ, ಹಬೆಯೇ ತಣಿದು ಕೊಳವೆಯಲ್ಲಿ ನೀರಾಗಿ ಗೊರಗೊರ ಸದ್ದು ಮಾಡುತ್ತದೆ, ಬೆಂಕಿ ಆರುತ್ತದೆ, ಆರಿದ್ದಕ್ಕೆ ಇನ್ನೂ ಜೋರಾಗಿ ಎಳೆಯುತ್ತೀರಿ, ನಾಲಿಗೆ ಇನ್ನೂ ಸುಡುತ್ತದೆ. ‘ವರ್ಜೀನಿಯಾ ನಾಲಿಗೆ ಕಡಿಯುತ್ತದೆ’ ಎಂಬ ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ತೇವದ್ದೇ.

ಒಣಗಲು ಎಷ್ಟು ಹೊತ್ತು ಬೇಕು ಎಂಬುದು ಕಟ್ ಮೇಲೆ, ಊರಿನ ಮೇಲೆ ನಿಂತಿದೆ. ಎಳೆಯಾಗಿ ಕತ್ತರಿಸಿದ ರಿಬ್ಬನ್ ಕಟ್ ಬೆಂಗಳೂರಿನ ಬೇಸಿಗೆಯಲ್ಲಿ ಕಾಗದದ ಮೇಲೆ ಹರಡಿದರೆ 10–15 ನಿಮಿಷ ಸಾಕು. ಅದೇ ಜಾಗದಲ್ಲಿ ಗಾವಿತ್ ಫ್ಲೇಕ್ ಮಡಚದೆ ಹಾಗೇ ಇಟ್ಟರೆ ಗಂಟೆಯ ಮೇಲೆ ಬೇಕು. ಅರ್ಧ ತಿಕ್ಕಿ ಹರಡಿದರೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಎಷ್ಟು ಹೊತ್ತು ಬಿಟ್ಟರೂ ಗಾಳಿಯ ತೇವವೇ ಎಲೆಗೆ ಸೇರುತ್ತದೆ. ಅಲ್ಲಿ ಟೇಬಲ್ ಲ್ಯಾಂಪಿನ ಹಳೇ ಬಲ್ಬಿನ ಕೆಳಗೆ ಒಂದಡಿ ದೂರದಲ್ಲಿಟ್ಟರೆ ಕೆಲಸವಾಗುತ್ತದೆ. ಬಿಸಿಲಿಗೆ ಇಡಬೇಡಿ, ಪರಿಮಳ ಹಾರಿಹೋಗುತ್ತದೆ. ಮೈಕ್ರೊವೇವ್ ಕೂಡ ಬೇಡ. ಹೊರಗೆ ಗರಿಗರಿ, ಒಳಗೆ ಹಸಿ.

ಇನ್ನು ರಿಬ್ಬನ್. ಹೆಸರೇ ಹೇಳುವಂತೆ ಎಲೆಯನ್ನು ಸಣ್ಣ ರಿಬ್ಬನ್ನಿನಂತೆ ಉದ್ದುದ್ದಕ್ಕೆ ಕತ್ತರಿಸಿದ್ದು, ಶ್ಯಾವಿಗೆಯಷ್ಟೋ ಅದಕ್ಕಿಂತ ತುಸು ಅಗಲವೋ ಇರುತ್ತದೆ. ಪೀಟರ್ಸನ್ ಅರ್ಲಿ ಮಾರ್ನಿಂಗ್ ಪೈಪ್ ಇದಕ್ಕೆ ಒಳ್ಳೆಯ ಮಾದರಿ. ಮೊದಲು ಡನ್‌ಹಿಲ್ ಹೆಸರಿನಲ್ಲಿ ಬರುತ್ತಿದ್ದ ಇದು 2019ರಿಂದ ಪೀಟರ್ಸನ್ ಹೆಸರಿನಲ್ಲಿದೆ. ಹೊಗೆಯಲ್ಲಿ ಹದ ಮಾಡಿದ ಲಟಾಕಿಯ, ಹುಳಿ ಛಾಯೆಯ ಓರಿಯೆಂಟಲ್, ಸಿಹಿ ವರ್ಜೀನಿಯಾ ಈ ಮೂರು ಬಗೆಯ ಎಲೆಯನ್ನೂ ಬೇರೆ ಬೇರೆ ಕತ್ತರಿಸಿ ಬೆರೆಸುತ್ತಾರೆ. ಕಪ್ಪು, ಕಂದು, ಹೊಂಬಣ್ಣದ ಎಳೆಗಳು ಕಣ್ಣಿಗೇ ಬೇರೆ ಕಾಣುತ್ತವೆ, ಬಾಯಿಗೂ ಬೇರೆ ಸಿಗುತ್ತವೆ. ಇಂಥ ಮಿಶ್ರಣವನ್ನು ಒತ್ತಿ ಕೇಕ್ ಮಾಡಿದರೆ ಲಟಾಕಿಯ ಉಳಿದವನ್ನು ನುಂಗಿಹಾಕುತ್ತದೆ. ಹಾಗಾಗಿ ಲಟಾಕಿಯ ಹದವಾಗಿರುವ ಇಂಗ್ಲಿಷ್ ಮಿಶ್ರಣಗಳಿಗೆ ರಿಬ್ಬನ್ನೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರಿಬ್ಬನ್ ತುಂಬುವಾಗ ಮೂರು ಹಂತ. ಮೊದಲು ಬೌಲ್ ತುಂಬಿ ಮೇಲೆ ಗೋಪುರವಾಗುವಷ್ಟು ಉದುರಿಸಿ ಅರ್ಧಕ್ಕೆ ಇಳಿಯುವಷ್ಟು ಮೆತ್ತಗೆ ಒತ್ತಿ. ಮತ್ತೆ ತುಂಬಿ ಮುಕ್ಕಾಲಿಗೆ ಇಳಿಸಿ, ಈ ಸಲ ತುಸು ಹೆಚ್ಚು ಬಲ. ಮೂರನೇ ಸಲ ಅಂಚಿನ ಕೆಳಗೆ 3–4 ಮಿಲಿಮೀಟರ್ ಬಿಟ್ಟು ಗಟ್ಟಿಯಾಗಿ ಸಮ ಮಾಡಿ. ಬೆರಳಿಟ್ಟರೆ ಸ್ಪಂಜಿನಂತೆ ಹಿಂದೆ ಬರಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ತಳದಲ್ಲೇ ಗಟ್ಟಿಯಾಗಿ ಒತ್ತುವುದು. ಬೂದಿ ಒತ್ತುತ್ತಾ ಬಂದಂತೆ ತಳ ತಾನಾಗಿ ಬಿಗಿಯಾಗುತ್ತದೆ. ಮೊದಲೇ ಬಿಗಿದಿದ್ದರೆ ಕೊನೆಯ ಕಾಲು ಭಾಗ ಒದ್ದೆ ಗಷ್ಟಾಗಿ ಉಳಿದು ಪೈಪಿನ ತಳವನ್ನು ಹುಳಿ ಮಾಡುತ್ತದೆ. ಫ್ಯಾನಿನ ಕೆಳಗೆ, ಕಿಟಕಿಯ ಪಕ್ಕ ಕೂತು ರಿಬ್ಬನ್ ಸೇದಬೇಡಿ. ಗಾಳಿ ಊದಿದರೆ ಬೌಲ್ ಕೈಯಲ್ಲಿ ಹಿಡಿಯಲಾಗದಷ್ಟು ಕಾಯುತ್ತದೆ. ಹೊರಗೆ ನಡೆದಾಡುತ್ತ ಸೇದುವವರಿಗೆ ಫ್ಲೇಕ್ ಅಥವಾ ಚೂರು ಕಟ್ ಮೇಲು.

ಅಮೆರಿಕದ ಅಂಗಡಿಗಳಲ್ಲಿ ಸಿಗುವ ಪ್ರಿನ್ಸ್ ಆಲ್ಬರ್ಟ್ ಬೇರೆ ತರಹ. 1907ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ತಂದ ಈ ಬರ್ಲೀ ತಂಬಾಕನ್ನು ಕ್ರಿಂಪ್ ಕಟ್ ಅನ್ನುತ್ತಾರೆ: ಎಳೆಗಳು ನೇರವಾಗಿಲ್ಲದೆ ಸುಕ್ಕುಸುಕ್ಕಾಗಿ, ತುಂಡುತುಂಡಾಗಿ ಇರುತ್ತವೆ. ಸುಕ್ಕಿನಿಂದ ನಡುವೆ ಗಾಳಿ ಉಳಿಯುತ್ತದೆ, ಹೇಗೆ ತುಂಬಿದರೂ ಕಟ್ಟಿಕೊಳ್ಳುವುದಿಲ್ಲ. ರುಚಿ ಸಾದಾ, ಹುರಿದ ಕಡಲೆಬೀಜದ ಸಿಪ್ಪೆಯ ಕಡೆಗೆ. ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ಮೊದಲ ತಿಂಗಳು ಇದರಲ್ಲೇ ಕೈ ಪಳಗಿಸಿಕೊಂಡರೆ ಒಳ್ಳೆಯದು, ಬೆಂಕಿ ಕಾಯುವುದನ್ನು ಇದಕ್ಕಿಂತ ಚೆನ್ನಾಗಿ ಯಾವುದೂ ಕಲಿಸುವುದಿಲ್ಲ.

ಶ್ಯಾಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂದಲೆಳೆಯಷ್ಟು ಸಣ್ಣಗೆ ಕತ್ತರಿಸಿದ್ದು, ಕೈಯಲ್ಲಿ ಸುತ್ತುವ ಸಿಗರೇಟಿಗೆ ಹೇಳಿಮಾಡಿಸಿದ್ದು. ಪೈಪಿನಲ್ಲಿ ಒಂದೇ ಕಡ್ಡಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಬೇಗ ಸುಡುತ್ತದೆ, ತುಣುಕುಗಳು ಕೊಳವೆಯೊಳಗೆ ಬಂದು ಬಾಯಿಗೆ ಸಿಗುತ್ತವೆ. 15 ನಿಮಿಷದ ಬಿಡುವಿಗೆ, 16 ಮಿಲಿಮೀಟರ್‌ಗಿಂತ ಕಿರಿದಾದ ಪುಟ್ಟ ಬೌಲ್‌ಗೆ ಮಾತ್ರ.

ನಾಣ್ಯದ ಕಟ್ ಎಂದು ಕರೆಯಬಹುದಾದ್ದು ನೋಡಲು ಎಲ್ಲಕ್ಕಿಂತ ಚೆಂದ. ಎಲೆಗಳನ್ನು ಹಗ್ಗದಂತೆ ಹೊಸೆದು, ಒತ್ತಿ, ಅಡ್ಡಕ್ಕೆ ತೆಳ್ಳಗೆ ಕತ್ತರಿಸಿದ ಬಿಲ್ಲೆಗಳು. ಎಸ್ಕುಡೊ ನೇವಿ ಡಿ ಲಕ್ಸ್ ಇದರಲ್ಲಿ ಹೆಸರಾದದ್ದು: ವರ್ಜೀನಿಯಾದ ಒಳಗೆ ಪೆರಿಕ್. ಪೆರಿಕ್ ಅಂದರೆ ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಪೀಪಾಯಿಯೊಳಗೆ ಭಾರ ಹೇರಿ ಹುಳಿ ಬರಿಸುವ ಎಲೆ. ಒಣದ್ರಾಕ್ಷಿ, ಕರಿಮೆಣಸು ಎರಡರ ನೆನಪನ್ನೂ ತರುತ್ತದೆ. ಪೀಟರ್ ಸ್ಟೊಕ್‌ಬೈ ಅವರ ಲಕ್ಷುರಿ ಬುಲ್ಸ್‌ಐ ಫ್ಲೇಕಿನ ಬಿಲ್ಲೆಯ ನಡುವೆ ಕಪ್ಪು ಕ್ಯಾವೆಂಡಿಷ್‌ನ (ಹಬೆಯಲ್ಲಿ ಬೇಯಿಸಿ ಮೆದು ಮಾಡಿದ ಎಲೆ) ಚುಕ್ಕೆ ಇರುತ್ತದೆ. ಬಿಲ್ಲೆಯನ್ನು ಹಾಗೇ ಬೌಲ್‌ಗೆ ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿದರೆ ಗಾಳಿಗೆ ಮುಚ್ಚಳ ಹಾಕಿದಂತಾಗುತ್ತದೆ, ಬೇಡ. ಎರಡು ಮೂರು ಬಿಲ್ಲೆಗಳನ್ನು ಜೋಡಿಸಿ, ಅರ್ಧ ಮಡಚಿ, ಅಂಚು ಮೇಲೆ ಬರುವಂತೆ ನಿಲ್ಲಿಸಿ. ಇನ್ನೊಂದನ್ನು ಪೂರ್ತಿ ತಿಕ್ಕಿ ಸಂದಿಗೂ ಮೇಲಕ್ಕೂ ಉದುರಿಸಿ. ಎಲ್ಲವನ್ನೂ ತಿಕ್ಕಿ ಬಿಡಿಸಬಹುದು, ಅಡ್ಡಿಯಿಲ್ಲ, ಆದರೆ ಪೆರಿಕ್ ಖಾರ ಮೊದಲ ಹತ್ತು ನಿಮಿಷಕ್ಕೇ ಮುಗಿದುಹೋಗುತ್ತದೆ. ನಿಲ್ಲಿಸಿ ತುಂಬಿದರೆ ಅದು ಆಗಾಗ ಬಂದು ಹೋಗುತ್ತಿರುತ್ತದೆ. ಎಸ್ಕುಡೊ ಕೊಂಡು ತಿಕ್ಕುವವರು ಆ ಆಟವನ್ನು ಕಳೆದುಕೊಳ್ಳುತ್ತಾರೆ.

ಕತ್ತರಿಸದೆ ಉಳಿಸಿದ ಹಗ್ಗವೇ ರೋಪ್ ಅಥವಾ ಟ್ವಿಸ್ಟ್. ಕೆಂಡಲ್‌ನ ಗಾವಿತ್ ಹಾಗ್ಗಾರ್ತ್ ಅವರ ಬ್ರೌನ್ ನಂ. 4, ಬ್ಲ್ಯಾಕ್ ಐರಿಷ್ ಎಕ್ಸ್ ಇವುಗಳನ್ನು ಕೈಯಲ್ಲಿ ಹಿಡಿದರೆ ತೇರಿನ ಹಗ್ಗದ ತುಂಡು ಹಿಡಿದಂತಿರುತ್ತದೆ, ಕಪ್ಪು ಬಗೆಯದು ಎಣ್ಣೆ ಹೊಳಪಿನಿಂದ ಬೆರಳಿಗೆ ಅಂಟುತ್ತದೆ. ಹೊರಗೆ ಒಂದು ಗಟ್ಟಿ ಎಲೆಯ ಹೊದಿಕೆ, ಒಳಗೆ ಹುರಿಗೊಳಿಸಿದ ಎಲೆ. ಹರಿತವಾದ ಬ್ಲೇಡಿನಿಂದ 1 ಮಿಲಿಮೀಟರ್‌ಗಿಂತ ದಪ್ಪವಾಗದಂತೆ ಬಿಲ್ಲೆ ಕತ್ತರಿಸಬೇಕು. ಮೊಂಡು ಚಾಕುವಾದರೆ ಹಗ್ಗ ಬಿಚ್ಚಿಕೊಂಡು ಚಿಂದಿಯಾಗುತ್ತದೆ. ಬಿಲ್ಲೆಯನ್ನು ಮತ್ತೆ ನಾಲ್ಕು ಭಾಗ ಮಾಡಿ ಒಣಗಲು ಬಿಡಿ. ದಪ್ಪ ಬಿಲ್ಲೆಗೆ ರಾತ್ರಿಯಿಡೀ ಬೇಕಾದೀತು. ನಿಕೋಟಿನ್ ವಿಷಯದಲ್ಲಿ ಇದು ಎಲ್ಲಕ್ಕಿಂತ ಜೋರು. ಬಿಕ್ಕಳಿಕೆ ಶುರುವಾದರೆ ಅದು ಮೊದಲ ಸೂಚನೆ, ಆಮೇಲೆ ಬೆವರು, ತಲೆಸುತ್ತು, ಹೊಟ್ಟೆ ತೊಳಸುವುದು. ಬಿಕ್ಕಳಿಕೆಗೇ ಪೈಪ್ ಕೆಳಗಿಟ್ಟು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು ಸುಮ್ಮನೆ ಕೂರಬೇಕು. ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿ ಪಳಗಿದವರಿಗೂ ಇದು ಬೇರೆಯ ಪೆಟ್ಟೇ. ರಾತ್ರಿ ಊಟವಾದ ಮೇಲೆ, ಅರ್ಧ ಬೌಲ್, ಅಷ್ಟೇ.

ಪ್ಲಗ್ ಅಂದರೆ ಸೀಳದೆ ಬಿಟ್ಟ ಫ್ಲೇಕಿನ ಇಟ್ಟಿಗೆ. ಜಿ.ಎಲ್. ಪೀಸ್ ಅವರ ಜಾಕ್‌ನೈಫ್ ಪ್ಲಗ್ ಕೈಯಲ್ಲಿ ಹಿಡಿದರೆ ಕರದಂಟಿನ ತುಂಡಿನಷ್ಟು ಗಟ್ಟಿ. ಇದರ ಲಾಭ ಏನೆಂದರೆ ದಪ್ಪ ನಿಮ್ಮ ಕೈಯಲ್ಲಿರುತ್ತದೆ. ಅರ್ಧ ಮಿಲಿಮೀಟರ್‌ಗೆ ಕೆರೆದರೆ ಶ್ಯಾಗ್ ಹತ್ತಿರ, ಒಂದೂವರೆಗೆ ಕತ್ತರಿಸಿದರೆ ದಪ್ಪ ಫ್ಲೇಕ್, ಮೂರಕ್ಕೆ ಕತ್ತರಿಸಿ ಚೌಕ ಮಾಡಿದರೆ ಕ್ಯೂಬ್. ಪದರಗಳು ಯಾವ ದಿಕ್ಕಿಗಿವೆ ನೋಡಿ ಅವಕ್ಕೆ ಅಡ್ಡಲಾಗಿ ಕತ್ತರಿಸಿ, ಆಗ ಪಟ್ಟಿ ಎಳೆಯಾಗಿ ಬಿಡುತ್ತದೆ. ಪದರದ ಜೊತೆಗೇ ಕತ್ತರಿಸಿದರೆ ಚಪ್ಪಟೆ ಹಾಳೆಯಾಗಿ ಎದ್ದುಬಂದು ತಿಕ್ಕಿದರೂ ಬಿಚ್ಚುವುದಿಲ್ಲ. ಮರದ ಹಲಗೆ, ಭಾರವಾದ ಚಾಕು, ಮೇಲಿನಿಂದ ಕೆಳಗೆ ಒಂದೇ ಒತ್ತು. ಗರಗಸದಂತೆ ಹಿಂದೆ ಮುಂದೆ ಎಳೆದರೆ ಪುಡಿ. ಒಣಗಿ ಕಲ್ಲಾಗಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಪಕ್ಕ, ಅದಕ್ಕೆ ತಾಗದಂತೆ, ಒಂದು ದಿನ ಇಟ್ಟರೆ ಕತ್ತರಿಸಲು ಬರುತ್ತದೆ. ಇದೇ ಕುಟುಂಬದ ಇನ್ನೊಂದು ಕ್ರಂಬಲ್ ಕೇಕ್: ಮೊದಲು ಕತ್ತರಿಸಿ ಆಮೇಲೆ ಒತ್ತಿದ್ದು, ಬಾಯಲ್ಲಿ ಕರಗುವ ಮೈಸೂರ್ ಪಾಕಿನಂತೆ ಬೆರಳಲ್ಲೇ ಉದುರುತ್ತದೆ. ಕಾರ್ನೆಲ್ ಆ್ಯಂಡ್ ಡೀಲ್ ಅವರ ಪೈರೇಟ್ ಕೇಕ್ ಹೀಗೆ. ಅದರಲ್ಲಿ ಬಹುಪಾಲು ಲಟಾಕಿಯವೇ, ಆ ಹೊಗೆವಾಸನೆ ಇಷ್ಟವಿದ್ದವರಿಗೆ ಮಾತ್ರ. ಫ್ಲೇಕಿನ ಸಾಂದ್ರತೆಯೂ ಬೇಕು, ಚಾಕು ತಿಕ್ಕಾಟ ಬೇಡ ಅನ್ನುವವರಿಗೆ ಈ ಕಟ್ ಹಿತ. ಆದರೆ ಪ್ರಯಾಣದಲ್ಲಿ ಒಯ್ದರೆ ಡಬ್ಬಿಯ ತಳದಲ್ಲಿ ಪುಡಿಯೇ ಉಳಿಯುತ್ತದೆ.

ಕ್ಯೂಬ್ ಅಥವಾ ಚೂರು ಕಟ್ ನಮ್ಮವರಿಗೆ ಹೊಸದಲ್ಲ. ಬೀಡಿಗೆ ತುಂಬುವುದು ಎಳೆಯನ್ನಲ್ಲ, ಜರಡಿ ಹಿಡಿದ ಚೂರನ್ನು; ನಿಪ್ಪಾಣಿಯ ಕಡೆ ಈ ತಂಬಾಕು ನೋಡಿದವರಿಗೆ ಗೊತ್ತು. ಕಿರಿದಾದ ಜಾಗದಲ್ಲಿ ಸಮವಾಗಿ ಕೂರುತ್ತದೆ, ನಡುವೆ ಗಾಳಿ ಓಡುತ್ತದೆ. ಪೈಪಿನಲ್ಲೂ ಅದೇ ಗುಣ. ಅಮೆರಿಕದ ಗ್ರೇಂಜರ್ ರಫ್ ಕಟ್ ಈ ಜಾತಿಗೆ ಹತ್ತಿರ. 22 ಮಿಲಿಮೀಟರ್‌ಗೆ ಮೇಲ್ಪಟ್ಟ ಅಗಲ ಬೌಲ್‌ನಲ್ಲಿ ಇದು ಗಂಟೆಗಟ್ಟಲೆ ತಣ್ಣಗೆ ಉರಿಯುತ್ತದೆ. ತೊಂದರೆ ಎರಡು: ಹೊತ್ತಿಸುವಾಗ ಮೇಲೆ ಪುಡಿ ಇಲ್ಲದಿದ್ದರೆ ಕಡ್ಡಿ ಮೇಲೆ ಕಡ್ಡಿ ಖರ್ಚಾಗುತ್ತದೆ, ಪೈಪ್ ಬಗ್ಗಿಸಿದರೆ ಕೆಂಡದ ಚೂರು ಬಟ್ಟೆ ಮೇಲೆ ಉರುಳುತ್ತದೆ. ಬಾಯಲ್ಲಿ ಕಚ್ಚಿಕೊಂಡು ಓದುವ, ಬರೆಯುವ ಅಭ್ಯಾಸ ಇದ್ದವರು ಬೌಲ್‌ಗೆ ತಂತಿಯ ಮುಚ್ಚಳ ಹಾಕಿಕೊಳ್ಳಿ.

ಅಂಗಡಿಯವರೂ ತಪ್ಪಾಗಿ ಹೇಳುವ ಒಂದು ಮಾತಿದೆ. ಕ್ಯಾವೆಂಡಿಷ್ ಕಟ್‌ನ ಹೆಸರಲ್ಲ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒತ್ತಿ, ಹಲವು ಸಲ ಸಿಹಿ ಬೆರೆಸಿ ಮೆದು ಮಾಡುವ ಪಾಕಕ್ಕೆ ಆ ಹೆಸರು. ಲೇನ್ ಕಂಪನಿಯ 1-ಕ್ಯೂ ಬಹಳ ಮಾರಾಟವಾಗುವ ಇಂಥ ಮಿಶ್ರಣ, ಬರುವುದು ಬಿಡಿ ಎಳೆಯಾಗಿ. ಪಕ್ಕದಲ್ಲಿ ಕೂತವರಿಗೆ ವೆನಿಲಾ ಪರಿಮಳ, ಸೇದುವವರಿಗೆ ರುಚಿ ಕಡಿಮೆ. ಇಂಥವುಗಳಲ್ಲಿ ತೇವ ಹಿಡಿದಿಡುವ ಪ್ರೊಪಿಲೀನ್ ಗ್ಲೈಕಾಲ್ ಬೆರೆತಿರುವುದು ಸಾಮಾನ್ಯ, ಎಷ್ಟು ಹೊತ್ತು ಹರಡಿಟ್ಟರೂ ಮೆತ್ತಗೆಯೇ ಇರುತ್ತದೆ. ಅದನ್ನು ಒತ್ತಿ ನೋಡಿ ಹದ ತಿಳಿಯಲಾಗದು. ಅರ್ಧ ಗಂಟೆ ಬಿಟ್ಟು, ಸಡಿಲವಾಗಿ ತುಂಬಿ ನಿಧಾನವಾಗಿ ಸೇದುವುದೊಂದೇ ದಾರಿ.

ಕಟ್ ಪರೀಕ್ಷಿಸಲು ದುಬಾರಿ ಬ್ರೈಯರ್ ಮರದ ಪೈಪ್ ಬೇಡ. ಮೆಕ್ಕೆಜೋಳದ ದಿಂಡಿನಿಂದ ಮಾಡಿದ ಕಾಬ್ ಪೈಪುಗಳು ಸಾಕು. ಅಮೆರಿಕದ ಮಿಸೌರಿ ಮೀರ್‌ಶಾಮ್ ಕಂಪನಿ 1869ರಿಂದ ಇವನ್ನು ಮಾಡುತ್ತಿದೆ. ದಿಂಡು ತೇವವನ್ನು ಹೀರಿಕೊಳ್ಳುತ್ತದೆ, ಹಿಂದಿನ ತಂಬಾಕಿನ ವಾಸನೆಯನ್ನು ಮರದಷ್ಟು ಹಿಡಿದಿಡುವುದಿಲ್ಲ. ಒಂದೇ ಅಳತೆಯ ಎರಡು ಕಾಬ್ ತೆಗೆದುಕೊಂಡು ಒಂದರಲ್ಲಿ ಮಡಚಿದ ಫ್ಲೇಕ್, ಇನ್ನೊಂದರಲ್ಲಿ ಅದೇ ತೂಕದ ತಿಕ್ಕಿದ ಫ್ಲೇಕ್ ಹಾಕಿ. ಎಷ್ಟು ನಿಮಿಷ ಉರಿಯಿತು, ಎಷ್ಟು ಸಲ ಹೊತ್ತಿಸಬೇಕಾಯಿತು, ತಳದಲ್ಲಿ ಎಷ್ಟು ಉಳಿಯಿತು, ಈ ಮೂರನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಕಿರಿದು ಉದ್ದ ಬೌಲ್‌ಗೆ ಫ್ಲೇಕ್, ನಾಣ್ಯ; ಅಗಲ ಗಿಡ್ಡ ಬೌಲ್‌ಗೆ ರಿಬ್ಬನ್ನಿನ ಇಂಗ್ಲಿಷ್ ಮಿಶ್ರಣ, ಕ್ಯೂಬ್; ಚಿಕ್ಕದಕ್ಕೆ ರೋಪ್.

ಕೂಡಿಡುವ ವಿಷಯದಲ್ಲಿ ಒತ್ತಿದ ಕಟ್‌ಗಳೇ ಗೆಲ್ಲುತ್ತವೆ. ರಬ್ಬರ್ ಅಂಚಿನ ಬಿಗಿ ಗಾಜಿನ ಜಾಡಿಯಲ್ಲಿ, ಕತ್ತಲ ಕಪಾಟಿನಲ್ಲಿ ವರ್ಜೀನಿಯಾ ಫ್ಲೇಕ್ ವರ್ಷ ಕಳೆದಂತೆ ಕಪ್ಪಾಗಿ ಸಿಹಿಯಾಗುತ್ತದೆ. ಉಪ್ಪಿನಕಾಯಿಯ ಹಳೇ ಜಾಡಿ ಎಷ್ಟು ತೊಳೆದರೂ ಬೇಡ, ಮುಚ್ಚಳದ ರಬ್ಬರಿನಲ್ಲಿ ಮೆಂತ್ಯ, ಇಂಗು ಉಳಿದಿರುತ್ತದೆ. ಫ್ರಿಜ್ಜಿನಲ್ಲೂ ಇಡಬೇಡಿ. ಕೆಲವು ವರ್ಷಗಳ ಮೇಲೆ ಪಟ್ಟಿಗಳ ಮೇಲೆ ಬಿಳಿ ಚುಕ್ಕೆ ಕಂಡರೆ ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಕಲ್ಲುಸಕ್ಕರೆಯ ಪುಡಿಯಂತೆ ಮಿನುಗಿದರೆ, ಪಟ್ಟಿಗೆ ಚಪ್ಪಟೆಯಾಗಿ ಅಂಟಿದ್ದರೆ, ವಾಸನೆ ಸಿಹಿಯಾಗಿದ್ದರೆ ಅದು ಹರಳು, ಚೆನ್ನಾಗಿ ಹಣ್ಣಾಗಿದೆ ಎಂದರ್ಥ. ಮಂಕಾಗಿ, ಹತ್ತಿಯ ನಾರಿನಂತೆ ಎದ್ದು ನಿಂತಿದ್ದರೆ, ಮುಗ್ಗಲು ವಾಸನೆ ಬಂದರೆ ಬೂಷ್ಟು. ಬೂಷ್ಟು ಬಂದ ಪಟ್ಟಿಯನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸುವ ಆಸೆ ಬೇಡ, ಇಡೀ ಜಾಡಿ ಹೊರಗೆ ಹಾಕಿ.

ಭಾರತಕ್ಕೆ ಬರುವ ವಿಮಾನ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ತಂಬಾಕು 125 ಗ್ರಾಂ. ಅಂದರೆ 50 ಗ್ರಾಂನ ಎರಡು ಡಬ್ಬಿ, ಸಿಗರೇಟು ಸಿಗಾರು ಜೊತೆಗೆ ತರದಿದ್ದರೆ. ಲಂಡನ್ನಿನಿಂದಲೋ ಕೋಪನ್‌ಹೇಗನ್ನಿನಿಂದಲೋ ಬರುವ ಸ್ನೇಹಿತರಿಗೆ ಹೇಳುವುದಾದರೆ ಒಂದು ಆರ್ಲಿಕ್, ಒಂದು ಅರ್ಲಿ ಮಾರ್ನಿಂಗ್ ಪೈಪ್ ಹೇಳಿ. ಮೊದಲನೆಯದರಲ್ಲಿ ಮೂರು ಕಟ್ ಸಿಗುತ್ತದೆ, ಎರಡನೆಯದರಲ್ಲಿ ಒತ್ತದ ಮಿಶ್ರಣ ಹೇಗಿರಬೇಕು ಎಂಬುದು ತಿಳಿಯುತ್ತದೆ. ಡಬ್ಬಿಯ ಸೀಲ್ ಒಡೆಯದೆ ತರಲು ಹೇಳಿ. ಒಡೆದ ಡಬ್ಬಿಯ ಮುಚ್ಚಳ ಗಾಳಿ ತಡೆಯುವುದಿಲ್ಲ, ಮನೆಗೆ ಬರುವಷ್ಟರಲ್ಲಿ ರಿಬ್ಬನ್ ಒಣಗಿರುತ್ತದೆ. ಮನೆಯಲ್ಲಿ ಒಡೆದ ದಿನವೇ ಜಾಡಿಗೆ ಹಾಕಿಬಿಡಿ.